ಐಸ್ ಹೌಸ್ ಎಂಬ ಹೆಸರಿನ ಹಿಂದೆ

ಚೆನ್ನೈನ ಮರೀನಾ ಕಡಲದಂಡೆಯ ಹತ್ತಿರದ ಒಂದು ಭಾಗವನ್ನು ಜನ ಈಗಲೂ 'ಐಸ್ ಹೌಸ್' ಎನ್ನುತ್ತಾರೆ. ಆ ಹೆಸರಿಗೆ ಕಾರಣವಾದ ಕಟ್ಟಡ 1842ರದು. ಅದರಲ್ಲಿ ತುಂಬಿಡುತ್ತಿದ್ದ ಮಂಜುಗಡ್ಡೆ ಬರುತ್ತಿದ್ದುದು ಅಮೆರಿಕದ ಬಾಸ್ಟನ್ ಸುತ್ತಲಿನ ಕೆರೆಗಳಿಂದ.

ಬೇಸಿಗೆಯಲ್ಲಿ ತಣ್ಣನೆಯ ನೀರು ಬೇಕೆಂಬ ಆಸೆ ಇಲ್ಲಿಗೆ ಹಡಗಿನಲ್ಲಿ ಬಂದದ್ದೇನಲ್ಲ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಬೆರೆಸಿದ ನೀರಿನೊಳಗೆ ಕುಡಿಯುವ ನೀರಿನ ಪಾತ್ರೆಯನ್ನು ಅಲ್ಲಾಡಿಸಿ ತಂಪು ಮಾಡುತ್ತಿದ್ದರು. ಆಸ್ಥಾನ ಲಾಹೋರಿಗೆ ಹೋದ ಮೇಲೆ ಬೆಟ್ಟಗಳಿಂದ ಹಿಮ ತರಿಸತೊಡಗಿದರು. ಇದೆಲ್ಲ 'ಐನ್-ಇ-ಅಕ್ಬರಿ'ಯಲ್ಲಿದೆ.

ಹಿಮವಿಲ್ಲದ ಬಯಲುಸೀಮೆಯಲ್ಲೂ ಮಂಜುಗಡ್ಡೆ ತಯಾರಾಗುತ್ತಿತ್ತು. ಬಂಗಾಳದ ಸೇನಾಧಿಪತಿಯಾಗಿದ್ದ ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅಲಹಾಬಾದಿನ ವಿಧಾನವನ್ನು ವಿವರಿಸಿದ. ಎರಡು ಅಡಿ ಆಳದ ಅಗಲವಾದ ಗುಂಡಿ ತೋಡಿ, ಒಣಗಿದ ಕಬ್ಬಿನ ದಂಟು ಹಾಸಿ, ಅದರ ಮೇಲೆ ಮಣ್ಣಿನ ಚಿಕ್ಕ ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ಚಳಿಗಾಲದ ಸಂಜೆ ಕಾಯಿಸಿ ಆರಿಸಿದ ನೀರು ತುಂಬಿದರೆ, ಸೂರ್ಯ ಹುಟ್ಟುವ ಮೊದಲೇ ಗಡ್ಡೆಗಳನ್ನು ಆಯ್ದು ಆಳವಾದ ಹಗೇವಿನಲ್ಲಿ ಹುಲ್ಲು, ಕಂಬಳಿ ಹೊದಿಸಿ ಬೇಸಿಗೆಯವರೆಗೆ ಕಾಯಬೇಕು.

ಗಾಳಿ ಅಷ್ಟು ತಣ್ಣಗಿಲ್ಲದಿದ್ದರೂ ನೀರು ಹೆಪ್ಪುಗಟ್ಟುತ್ತಿದ್ದುದು ಹೇಗೆ? ನಿರ್ಮಲವಾದ ರಾತ್ರಿಯಲ್ಲಿ ನೀರು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಕಬ್ಬಿನ ದಂಟು ನೆಲದ ಬಿಸಿ ಮೇಲೇರದಂತೆ ತಡೆಯುತ್ತದೆ. ತಟ್ಟೆಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗಿ ಇನ್ನಷ್ಟು ತಂಪು ಮಾಡುತ್ತದೆ. ಶಾಖ ಆಕಾಶಕ್ಕೆ ಹೊರಟುಹೋಗುವ ಬಗೆಯನ್ನು ವಿಲಿಯಂ ಚಾರ್ಲ್ಸ್ ವೆಲ್ಸ್ ಇಬ್ಬನಿಯ ಕುರಿತ ತನ್ನ ಪ್ರಬಂಧದಲ್ಲಿ ವಿವರಿಸಿದ್ದು 1814ರಲ್ಲಿ. ಕೆಲಸ ಬಲ್ಲವರು ಅದಕ್ಕೆ ಬಹಳ ಮೊದಲೇ ಇದ್ದರು. ತನ್ನ ಊಟದ ಮೇಜಿಗೆ ಬೇಸಿಗೆಯುದ್ದಕ್ಕೂ ಐಸ್ ಒದಗಿಸಿದ ಕೆಲಸಗಾರನನ್ನು ಬಾರ್ಕರ್ ನೆನೆಯುತ್ತಾನೆ, ಹೆಸರು ಹೇಳುವುದಿಲ್ಲ.

1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ ವ್ಯಾಪಾರಿ 'ಟಸ್ಕನಿ' ಹಡಗಿನಲ್ಲಿ 180 ಟನ್ ಮಂಜುಗಡ್ಡೆ ಕಳಿಸಿದ. ನಾಲ್ಕು ತಿಂಗಳು ಕಡಲಲ್ಲಿ ಕಳೆದು ಸುಮಾರು 100 ಟನ್ ಕಲ್ಕತ್ತೆ ತಲುಪಿತು. ಗಾಜಿನಂತೆ ಹೊಳೆಯುವ ಆ ದಪ್ಪ ಗಡ್ಡೆಗಳ ಮುಂದೆ, ಹೂಗ್ಲಿಯಲ್ಲಿ ತಟ್ಟೆಗಳಿಂದ ಆಯ್ದ ಕೆಸರುಕೆಸರಾದ ತೆಳು ಐಸ್ ನಿಲ್ಲಲಿಲ್ಲ. ಬೊಂಬಾಯಿ, ಮದ್ರಾಸುಗಳಲ್ಲೂ ಐಸ್ ಹೌಸ್‌ಗಳು ಎದ್ದವು. ಟ್ಯೂಡರನಿಗೆ 'ಐಸ್ ರಾಜ' ಎಂಬ ಬಿರುದು ಬಂತು. ಗುಂಡಿಗಳ ಪಕ್ಕ ರಾತ್ರಿ ಕಾದವರ ಕಸುಬು ಸೊರಗಿತು. ಮುಂದೆ ಅರ್ಧ ಶತಮಾನದೊಳಗೆ ಉಗಿಯಂತ್ರದ ಐಸ್ ಕಾರ್ಖಾನೆಗಳು ಬಂದು ಟ್ಯೂಡರನ ವ್ಯಾಪಾರವನ್ನೂ ಮುಗಿಸಿದವು.

ಮದ್ರಾಸಿನ ಕಟ್ಟಡವನ್ನು ವಕೀಲ ಬಿಳಿಗಿರಿ ಅಯ್ಯಂಗಾರ್ ಕೊಂಡರು; 1897ರಲ್ಲಿ ವಿವೇಕಾನಂದರು ಅಲ್ಲಿ ತಂಗಿದ್ದರು. ಈಗ ಅದು ಅವರ ಸ್ಮಾರಕ. ಅಲಹಾಬಾದಿನ ಗುಂಡಿಗಳು ಮುಚ್ಚಿಹೋದವು. ಆದರೆ ಕರೆಂಟಿಲ್ಲದೆ ಮನೆಯನ್ನು ತಂಪಾಗಿಡುವ ಬಣ್ಣಗಳನ್ನು ಹುಡುಕುತ್ತಿರುವ ಇಂದಿನ ವಿಜ್ಞಾನಿಗಳು ನೆಚ್ಚಿರುವುದು ಅದೇ ತತ್ವವನ್ನು: ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದು.