ಹೆಸರು ಹಳೆಯದು, ರಿವಾಲ್ವರ್ ಹೊಸದು

ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1850ರ ದಶಕದಿಂದ ರಿವಾಲ್ವರ್ ಮಾಡುತ್ತಿದೆ. 1965ರಲ್ಲಿ ಅದು ವೆಸನ್ ಮನೆತನದಿಂದ ಬ್ಯಾಂಗರ್ ಪುಂಟಾ ಕಂಪನಿಯ ಕೈಸೇರಿತು. ಗುಣಮಟ್ಟ ಇಳಿದದ್ದು ಆಗಿನಿಂದಲೇ ಎಂಬುದು ಹಳಬರ ದೂರು.

1982ರ ಸುಮಾರಿಗೆ ನಳಿಕೆ ಅಲುಗದಂತೆ ಹಿಡಿಯುತ್ತಿದ್ದ ಅಡ್ಡಪಿನ್ನು ಹೋಯಿತು. ಆಮೇಲೆ ಹ್ಯಾಮರ್, ಟ್ರಿಗರ್‌ಗಳನ್ನು ಲೋಹದ ಪುಡಿಯಿಂದ ಅಚ್ಚು ಹಾಕಿ ಮಾಡತೊಡಗಿದರು. 2001ರಲ್ಲಿ ಬಂದೂಕಿನ ಬೀಗ ಮಾಡುವ ಸೇಫ್-ಟಿ-ಹ್ಯಾಮರ್ ಇಡೀ ಕಂಪನಿಯನ್ನೇ ಕೊಂಡಿತು. ರಿವಾಲ್ವರ್ ಒಳಗೇ ಬೀಗ ಬಂತು.

ದೂರುಗಳೆಲ್ಲ ಒಂದೇ ತೂಕದವಲ್ಲ. ಪಿನ್ನಿಲ್ಲದ ನಳಿಕೆಗಳೂ ಗಟ್ಟಿಯಾಗಿಯೇ ನಿಂತಿವೆ. ಆದರೆ ಗುಂಡಿನ ಹೊಡೆತಕ್ಕೆ ಬೀಗ ತಾನಾಗಿಯೇ ಬಿದ್ದರೆ? ಪ್ರಾಣ ಕಾಯಬೇಕಾದ ಆಯುಧ ಆ ಹೊತ್ತಿಗೇ ಕೈಕೊಟ್ಟೀತು. ಈಚೆಗೆ ಕಂಪನಿ ಕೆಲವು ಮಾದರಿಗಳನ್ನು ಮತ್ತೆ ಬೀಗವಿಲ್ಲದೆ ಮಾರುತ್ತಿದೆ. ಈ ದೂರು ಬರೀ ಹಳೆಯದರ ಮೋಹವಲ್ಲ ಎನ್ನಲು ನಮಗೆ ಇಷ್ಟು ಸಾಕು.