ಜಿಮ್ನಿ, ಜಿಪ್ಸಿಗೆ ದೊಡ್ಡ ಟೈರ್: ಲಿಫ್ಟ್ ಕಿಟ್ ಎಷ್ಟು ಇಂಚಿನದು ಬೇಕು, ಯಾವಾಗ ಬೇಡವೇ ಬೇಡ?

ಮಳೆ ನಿಂತು ತೋಟದ ದಾರಿಗಳು ಮತ್ತೆ ಓಡಾಟಕ್ಕೆ ಬರುವ ಹೊತ್ತಿಗೆ ಮಲೆನಾಡಿನ ಗ್ಯಾರೇಜುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಗಾಡಿಗೆ ಎರಡಿಂಚು ಲಿಫ್ಟ್ ಹಾಕಿಸಿದ್ರೆ ಕೆಳಗೆ ತಾಗೋದು ನಿಲ್ಲುತ್ತಾ?" ಅದಕ್ಕೆ ಉತ್ತರ, ತಾಗುತ್ತಿರುವುದು ಯಾವ ಭಾಗ ಅನ್ನೋದರ ಮೇಲಿದೆ. ಅದನ್ನು ನೋಡದೆ ಮೊದಲು ಕಿಟ್ ತರಿಸಿ, ಆಮೇಲೆ ಟೈರ್ ಹುಡುಕಲು ಹೊರಟರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಬಿಚ್ಚಬೇಕಾಗುತ್ತದೆ.

ಎತ್ತರ ಬರುವುದು ಎಲ್ಲಿಂದ?

ಜಿಮ್ನಿ ಮತ್ತು ಜಿಪ್ಸಿ ಎರಡಕ್ಕೂ ಹಿಂದೆ ಮುಂದೆ ಗಟ್ಟಿ ಆಕ್ಸಲ್ ಇದೆ. ಎಡಗಾಲಿಯಿಂದ ಬಲಗಾಲಿವರೆಗೆ ಒಂದೇ ಹೌಸಿಂಗ್, ಅದರಲ್ಲಿ ಡಿಫರೆನ್ಷಿಯಲ್ ಗುಂಡು. ದಾರಿಯ ಮಧ್ಯದ ಕಲ್ಲಿಗೆ ಮೊದಲು ತಾಗುವುದು ಈ ಗುಂಡೇ. ಲಿಫ್ಟ್ ಕಿಟ್ ಕೂರುವುದು ಆಕ್ಸಲ್ ಮತ್ತು ಚಾಸಿ ನಡುವೆ. ಹಾಗಾಗಿ ಕಿಟ್ ಎತ್ತುವುದು ಚಾಸಿ, ಬಾಡಿ, ಬಂಪರ್ ಮಾತ್ರ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಜಿಮ್ನಿಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಎರಡಿಂಚು ಕಿಟ್ ಹಾಕಿ ಹಳೇ ಟೈರನ್ನೇ ಬಿಟ್ಟರೆ ಗುಂಡಿನ ಕೆಳಗಿನ ಜಾಗ ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ. ಗುಂಡನ್ನು ಮೇಲೆತ್ತುವುದು ಟೈರ್ ಒಂದೇ. ಅದೂ ಟೈರಿನ ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು.

ಹಾಗಂತ ಲಿಫ್ಟ್ ಉಪಯೋಗಕ್ಕೆ ಬಾರದ್ದಲ್ಲ. ನಮ್ಮಲ್ಲಿ 2023ರಲ್ಲಿ ಮಾರಾಟಕ್ಕೆ ಬಂದದ್ದು ಐದು ಬಾಗಿಲಿನ ಜಿಮ್ನಿ. ಅದರ ವೀಲ್‌ಬೇಸ್ 2590 ಮಿ.ಮೀ. ಹೊರದೇಶಗಳಲ್ಲಿ ಸಿಗುವ ಮೂರು ಬಾಗಿಲಿನದು 2250. ನಡು ಉದ್ದವಾದಷ್ಟೂ ದಿಬ್ಬದ ನೆತ್ತಿಯಲ್ಲಿ, ತೋಟದ ಕಟ್ಟೆ ದಾಟುವಾಗ ಹೊಟ್ಟೆ ತಾಗುವುದು ಜಾಸ್ತಿ. ನಿಮ್ಮ ಗಾಡಿ ತಾಗುತ್ತಿರುವುದು ಹೀಗೆ ಹೊಟ್ಟೆಗೋ ಬಂಪರಿಗೋ ಆದರೆ ಲಿಫ್ಟ್ ಸಹಾಯ ಮಾಡುತ್ತದೆ. ಟ್ರ್ಯಾಕ್ಟರ್ ಓಡಾಡಿ ಬಿದ್ದ ಕೊರಕಲಿನಲ್ಲಿ ಗುಂಡು ಉಜ್ಜುತ್ತಿದ್ದರೆ ಮಾಡುವುದಿಲ್ಲ. ಒಮ್ಮೆ ಗಾಡಿ ಕೆಳಗೆ ಮಲಗಿ ಗೀರು ಎಲ್ಲೆಲ್ಲಿ ಬಿದ್ದಿದೆ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ.

ಮೊದಲು ಟೈರ್ ಲೆಕ್ಕ

ಟೈರಿನ ಪಕ್ಕದಲ್ಲಿ ಬರೆದಿರುವ ಸಂಖ್ಯೆಯಿಂದಲೇ ಎತ್ತರ ತೆಗೆಯಬಹುದು. ಜಿಮ್ನಿಯ ಕಂಪನಿ ಟೈರ್ 195/80 ಆರ್ 15. ಅಗಲ 195 ಮಿ.ಮೀ., ಪಕ್ಕದ ಗೋಡೆ ಅದರ ಶೇ. 80, ಅಂದರೆ 156. ಮೇಲೊಂದು ಕೆಳಗೊಂದು ಸೇರಿ 312. ರಿಮ್ 15 ಇಂಚು, ಅಂದರೆ 381. ಒಟ್ಟು 693 ಮಿ.ಮೀ.

ಇದೇ ಲೆಕ್ಕದಲ್ಲಿ 215/75 ಆರ್ 15 ಸುಮಾರು 703 ಮಿ.ಮೀ. ಬರುತ್ತದೆ. ಗುಂಡು ಏರುವುದು ಬರೀ 5 ಮಿ.ಮೀ. ಆದರೆ ಟೈರ್ ಅಗಲವಾಗುತ್ತದೆ, ಕೆಸರಿಗೆ ಒಪ್ಪುವ ಆಲ್ ಟೆರೇನ್ ಹಲ್ಲು ಸಿಗುತ್ತದೆ, ಕಂಪನಿ ರಿಮ್ಮಿಗೇ ಕೂರುತ್ತದೆ. ಲಿಫ್ಟ್ ಬೇಕಾಗುವುದಿಲ್ಲ. ದಿನಾ ಪೇಟೆಗೆ ಬಂದು ಹೋಗಿ, ವಾರಕ್ಕೆ ಎರಡು ಸಲ ತೋಟಕ್ಕೆ ಇಳಿಯುವ ಗಾಡಿಗೆ ಇದು ಧಾರಾಳವಾಗಿ ಸಾಕು.

ಆಸೆ ಹೆಚ್ಚಿದವರು ನೋಡುವುದು 235/75 ಆರ್ 15. ಎತ್ತರ ಸುಮಾರು 733 ಮಿ.ಮೀ., ಗುಂಡು ಏರುವುದು 20 ಮಿ.ಮೀ. ತೋಟದ ದಾರಿಯಲ್ಲಿ ಇದು ಕಾಣುವ ವ್ಯತ್ಯಾಸವೇ. ಆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಂದು ಗಾಲಿ ಮೇಲೇರಿದಾಗ ಮುಂದಿನ ಬಂಪರಿಗೆ, ಗಾಲಿಗೂಡಿನ ಪ್ಲಾಸ್ಟಿಕ್ಕಿಗೆ ಟೈರ್ ಉಜ್ಜಬಹುದು. 40ರಿಂದ 50 ಮಿ.ಮೀ. ಲಿಫ್ಟ್ ಕೇಳುವುದು ಇಲ್ಲಿಂದ. ಜೊತೆಗೆ ಜಿಮ್ನಿಯ ರಿಮ್ ಅಗಲ ಐದೂವರೆ ಇಂಚು. 235ರ ಟೈರಿಗೆ ಸಾಮಾನ್ಯವಾಗಿ ಆರು ಇಂಚಿನ ಮೇಲಿನ ರಿಮ್ ಬೇಕು. ಅಂದರೆ ರಿಮ್ ಖರ್ಚೂ ಸೇರಿತು. ರಿಮ್ ಹೊರಗೆ ಚಾಚಿದರೆ ಬೇರಿಂಗಿನ ಮೇಲೆ ಭಾರ ಹೆಚ್ಚು, ಉಜ್ಜುವುದೂ ಹೆಚ್ಚು.

ದೊಡ್ಡ ಟೈರಿಗೆ ಕೊಡಬೇಕಾದ ಬೆಲೆ ಅಂಗಡಿಯ ಬಿಲ್ಲಿಗೇ ಮುಗಿಯುವುದಿಲ್ಲ. 235/75ಕ್ಕೆ ಸುತ್ತಳತೆ ಸುಮಾರು ಶೇ. 5.8 ಹೆಚ್ಚು. ಮೊದಲು ಗಂಟೆಗೆ 60 ಕಿ.ಮೀ. ಓಡುತ್ತಿದ್ದ ಜಾಗದಲ್ಲಿ ಮೀಟರಿನ ಮುಳ್ಳು ಅಲ್ಲೇ ನಿಂತಿದ್ದರೂ ಗಾಡಿ 63ರ ಮೇಲೆ ಓಡುತ್ತಿರುತ್ತದೆ. ಕಿ.ಮೀ. ಓದು ಕಮ್ಮಿ ಬರುವುದರಿಂದ ಮೈಲೇಜ್ ಇರುವುದಕ್ಕಿಂತ ಕಮ್ಮಿ ಕಾಣುತ್ತದೆ. ಭಾರದ ಟೈರಿನಿಂದ ನಿಜವಾಗಿ ಇಳಿಯುವುದು ಬೇರೆ. 1.5 ಲೀಟರಿನ ಎಂಜಿನ್, 134 ನ್ಯೂಟನ್ ಮೀಟರ್ ಟಾರ್ಕ್. ಚಾರ್ಮಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವಿಗೆ ಎರಡಕ್ಕೆ ಇಳಿಸಬೇಕಾಗಬಹುದು. ಬ್ರೇಕಿಗೂ ನಿಲ್ಲಿಸಬೇಕಾದ ಭಾರ ಜಾಸ್ತಿ. ಸ್ಟೆಪ್ನಿಯೂ ಅದೇ ಅಳತೆಯದೇ ಇರಬೇಕು, ಅದು ಹಿಂದಿನ ಬಾಗಿಲಿನ ಹಿಂಜಿನಲ್ಲಿ ನೇತಾಡುತ್ತದೆ ಅನ್ನೋದನ್ನು ಅನೇಕರು ಮರೆಯುತ್ತಾರೆ.

ಮಡ್ ಟೆರೇನ್ ಟೈರ್ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಕೆಸರು ಕಕ್ಕುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಜುಲೈ ಮಳೆಯಲ್ಲಿ ಘಾಟಿಯ ಒದ್ದೆ ಟಾರಿನ ಮೇಲೆ ಅದರ ಹಿಡಿತ ಕಮ್ಮಿ. ತೋಟದಲ್ಲಿ ಒಂದು ಕಿ.ಮೀ., ಟಾರಿನಲ್ಲಿ ನಲವತ್ತು ಕಿ.ಮೀ. ಓಡುವವರು ಯೋಚಿಸಬೇಕು.

ಕಿಟ್ ಅಂದ್ರೆ ಯಾವುದು?

ಅಗ್ಗಕ್ಕೆ ಸಿಗುವುದು ಸ್ಪೇಸರ್. ಕಾಯಿಲ್ ಸ್ಪ್ರಿಂಗಿನ ಮೇಲೆ ಒಂದು ಬಿಲ್ಲೆ ಇಟ್ಟು ಎತ್ತರಿಸುವುದು. ಶಾಕ್ ಅಬ್ಸಾರ್ಬರ್ ಹಳೇದೇ ಇರುತ್ತದಾದ್ದರಿಂದ ಅದು ನಿಂತಲ್ಲೇ ಅರ್ಧಕ್ಕಿಂತ ಜಾಸ್ತಿ ಎಳೆದುಕೊಂಡಿರುತ್ತದೆ. ಗುಂಡಿಯಲ್ಲಿ ಗಾಲಿ ಕೆಳಗಿಳಿಯುವಾಗ ಶಾಕ್ ಬೇಗ ಕೊನೆ ಮುಟ್ಟಿ ಟಕ್ ಅನ್ನುತ್ತದೆ, ಗಾಲಿ ನೆಲ ಬಿಡುತ್ತದೆ. ನೋಡಲು ಎತ್ತರ, ದಾರಿಯಲ್ಲಿ ಮೊದಲಿಗಿಂತ ಕಡೆ. ಬಾಡಿ ಮತ್ತು ಚಾಸಿ ನಡುವೆ ಬಿಲ್ಲೆ ಇಡುವ ಬಾಡಿ ಲಿಫ್ಟ್ ಟೈರಿಗೆ ಜಾಗ ಮಾಡಿಕೊಡುತ್ತದೆ, ಚಾಸಿಯನ್ನು ಒಂದಿಷ್ಟೂ ಎತ್ತುವುದಿಲ್ಲ.

ಎರಡಿಂಚು ಎತ್ತುವುದೇ ಆದರೆ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಉದ್ದದ ಶಾಕ್ ಒಟ್ಟಿಗೇ ಇರುವ ಪೂರ್ತಿ ಕಿಟ್ ತಗೊಳ್ಳಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಚಾಸಿ ಎದ್ದಾಗ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕೋನ ಕಮ್ಮಿಯಾಗುತ್ತದೆ. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ಮಂದವಾಗುತ್ತದೆ, ಹೈವೇಯಲ್ಲಿ ಗಾಡಿ ಅಲೆಯುತ್ತದೆ, ಕೆಲವೊಮ್ಮೆ ಮುಂಭಾಗವೇ ಗಡಗಡ ನಡುಗುತ್ತದೆ. ಅದಕ್ಕೆ ಕ್ಯಾಸ್ಟರ್ ಸರಿಮಾಡುವ ಬುಷ್ ಬೇಕು. ಆಕ್ಸಲ್ಲನ್ನು ಅಡ್ಡಡ್ಡ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಉದ್ದ ಬದಲಾಗುವುದಿಲ್ಲವಾದ್ದರಿಂದ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಬೇಕು. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಗಾಲಿ ಪೂರ್ತಿ ಕೆಳಗೆ ನೇತಾಡಿದಾಗ ಬಿಗಿಯಾಗಬಾರದು. ಬಂಪ್ ಸ್ಟಾಪ್ ಉದ್ದವಾಗಬೇಕು, ಇಲ್ಲದಿದ್ದರೆ ದೊಡ್ಡ ಟೈರ್ ಮೇಲೆದ್ದು ಗಾಲಿಗೂಡಿಗೆ ಬಡಿಯುತ್ತದೆ. ಜಿಮ್ನಿಯಲ್ಲಿ ಇಎಸ್‌ಪಿ ಇರುವುದರಿಂದ ಲಿಫ್ಟ್ ಆದ ಮೇಲೆ ಸ್ಟಿಯರಿಂಗ್ ಚಕ್ರ ಸೊಟ್ಟ ನಿಂತರೆ ಹಾಗೇ ಓಡಿಸಬಾರದು. ನೇರ ಹೋಗುತ್ತಿರುವ ಗಾಡಿಯನ್ನು ತಿರುಗುತ್ತಿದೆ ಅಂತ ತಿಳಿದು ಅದು ಬ್ರೇಕ್ ಹಿಡಿಯಬಹುದು.

"ಎರಡಿಂಚು ಕಿಟ್, ಇಷ್ಟು ರೂಪಾಯಿ" ಅಂತ ಬಾಯಿಮಾತಿನಲ್ಲಿ ಹೇಳಿದರೆ ಈ ಸಾಮಾನೆಲ್ಲ ಅದರಲ್ಲಿ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ.

ಸ್ಪ್ರಿಂಗ್ ಆರಿಸುವಾಗ ಭಾರದ ಮಾತೂ ಬರಬೇಕು. ಹಲವು ಕಿಟ್‌ಗಳ ಸ್ಪ್ರಿಂಗ್ ಕಬ್ಬಿಣದ ಬಂಪರ್, ವಿಂಚ್ ಹೊತ್ತ ಗಾಡಿಗೆ ಮಾಡಿದ್ದು. ಖಾಲಿ ಓಡುವ ಗಾಡಿಗೆ ಅದನ್ನು ಹಾಕಿದರೆ ಸೊಂಟ ಉಳಿಯುವುದಿಲ್ಲ. ಅದೇ ನಾಲ್ಕು ಮೂಟೆ ಯೂರಿಯಾ ಅಂದರೆ 180 ಕೆ.ಜಿ. ದಿನವೂ ಹಿಂದೆ ಹೇರುವವರಿಗೆ ಹಗುರ ಸ್ಪ್ರಿಂಗ್ ಕೂತೇ ಹೋಗುತ್ತದೆ. ಅಂಥವರಿಗೆ ಎಷ್ಟೋ ಸಲ ಲಿಫ್ಟ್ ಬೇಕಿರುವುದಿಲ್ಲ, ಹಿಂದಕ್ಕೆ ಗಟ್ಟಿ ಸ್ಪ್ರಿಂಗ್ ಜೋಡಿ ಸಾಕು.

ಜಿಪ್ಸಿ, ಥಾರ್ ಲೆಕ್ಕ ಬೇರೆ

ಜಿಪ್ಸಿಯಲ್ಲಿ ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಕಂಪನಿ ಟೈರ್ 205/70 ಆರ್ 15, ಅಂದರೆ 668 ಮಿ.ಮೀ. ಇಲ್ಲಿಂದ 235/75ಕ್ಕೆ ಹಾರಿದರೆ ಸುಮಾರು ಶೇ. 10 ಹೆಚ್ಚಳ, 1.3 ಲೀಟರಿನ ಎಂಜಿನ್ನಿಗೆ ಅದು ಸಣ್ಣ ಹೊರೆಯಲ್ಲ. ಗ್ಯಾರೇಜಿನಲ್ಲಿ ಸುಲಭಕ್ಕೆ ಮಾಡಿಕೊಡುವುದು ಉದ್ದ ಶ್ಯಾಕಲ್, ಇಲ್ಲವೇ ಇನ್ನೊಂದು ಪ್ಲೇಟ್ ಸೇರಿಸುವುದು. ಉದ್ದ ಶ್ಯಾಕಲ್ ಮುಂದೆ ಹಾಕಿದರೆ ಕ್ಯಾಸ್ಟರ್ ಕೆಡುತ್ತದೆ. ಪ್ಲೇಟ್ ಸೇರಿಸಿದರೆ ಎತ್ತರದ ಜೊತೆ ಗಡಸೂ ಬರುತ್ತದೆ. ಜಿಪ್ಸಿಯ ಸ್ಪ್ರಿಂಗ್ ಇರುವುದು ಆಕ್ಸಲ್ ಕೆಳಗೆ. ಅದನ್ನು ಆಕ್ಸಲ್ ಮೇಲಕ್ಕೆ ತಂದರೆ ನಾಲ್ಕೈದು ಇಂಚು ಎದ್ದೇಳುತ್ತದೆ, ಸ್ಟಿಯರಿಂಗ್ ಲಿಂಕ್‌ನಿಂದ ಹಿಡಿದು ಎಲ್ಲ ಹೊಸದಾಗಿ ಮಾಡಬೇಕು. ಅದು ಸ್ಪರ್ಧೆಯ ಅಂಗಳಕ್ಕೆ ಮಾಡುವ ಕೆಲಸ, ಮನೆಮಂದಿ ಕೂರುವ ಗಾಡಿಗಲ್ಲ.

2020ರ ನಂತರದ ಥಾರ್‌ಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್. ಎತ್ತಿದಷ್ಟೂ ಡ್ರೈವ್ ಶಾಫ್ಟಿನ ಜಾಯಿಂಟ್ ವಾರೆಯಾಗಿ ಬೇಗ ಸವೆಯುತ್ತದೆ. ಜಿಮ್ನಿಯ ಅನುಭವವನ್ನು ಅದಕ್ಕೆ ಅಂಟಿಸಬಾರದು.

ಆರ್‌ಟಿಒ ಮತ್ತು ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ, ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. 15 ವರ್ಷ ದಾಟಿದ ಜಿಪ್ಸಿಗಳು ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಬೇಕು. ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ ಇದ್ದೇ ಇದೆ. ಪ್ರವಾಸಿಗರನ್ನು ಹತ್ತಿಸಿಕೊಂಡು ಗುಡ್ಡ ಏರುವ ಜೀಪಿನವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಅಪಘಾತವಾದಾಗ ಸರ್ವೇಯರ್ ಮೊದಲು ನೋಡುವುದರಲ್ಲಿ ಗಾಡಿಯ ಮೂಲ ಸ್ಥಿತಿಯೂ ಒಂದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ತಕರಾರಿಗೆ ದಾರಿ. ಕೆಲಸಕ್ಕೆ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ವಾರಂಟಿ ಇರುವ ಗಾಡಿಯಾದರೆ ಶೋರೂಮಿನಲ್ಲೂ ಕೇಳಬೇಕು.

ಹಾಕಿಸಿದ ಮೇಲೆ

ಗ್ಯಾರೇಜಿನಿಂದ ಹೊರಡುವ ಮೊದಲು ಒಂದು ಗಾಲಿಯನ್ನು ದಿಬ್ಬಕ್ಕೆ ಹತ್ತಿಸಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಾದರೂ ಉಜ್ಜುತ್ತದಾ ನೋಡಿ. ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಇಳಿಸಿ; ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳನ್ನೆಲ್ಲ ಮತ್ತೆ ಬಿಗಿ ಮಾಡಿಸಿ. ಕಂಪನಿ ಜಾಕ್ ಈಗ ಎತ್ತರಕ್ಕೆ ಸಾಲದೇ ಹೋಗಬಹುದು, ಅಡಿಗೆ ಇಡಲು ದಪ್ಪ ಮರದ ತುಂಡೊಂದು ಗಾಡಿಯಲ್ಲಿರಲಿ. ಜಿಮ್ನಿಯ ಅಗಲ 1645 ಮಿ.ಮೀ., ಎತ್ತರ 1720. ಮೊದಲೇ ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಗಾಡಿ. ಇನ್ನೂ ಎರಡು ಮೂರು ಇಂಚು ಮೇಲೆ ಹೋದ ಮೇಲೆ ಓರೆ ಜಾಗದಲ್ಲಿ, ಘಾಟಿಯ ಹೇರ್‌ಪಿನ್ನಿನಲ್ಲಿ ಹಳೇ ವೇಗ ನಡೆಯುವುದಿಲ್ಲ.

ಇಷ್ಟೆಲ್ಲ ಯಾಕೆ ಅನ್ನಿಸಿದವರು ಮೊದಲು ಗಾಳಿ ಇಳಿಸಿ ನೋಡಬಹುದು. ಕೆಸರು ಶುರುವಾಗುವಲ್ಲಿ ಟೈರ್ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ತಂದು ಫೋರ್ ಲೋ ಹಾಕಿದರೆ ಸಿಕ್ಕಿಬೀಳುತ್ತಿದ್ದ ಎಷ್ಟೋ ಜಾಗ ದಾಟುತ್ತದೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪು ಮತ್ತು ಒಂದು ಗಾಳಿ ಮೀಟರ್ ಇದ್ದರೆ ಸಾಕು, ಪಂಕ್ಚರ್ ಅಂಗಡಿವರೆಗೂ ಕಾಯಬೇಕಿಲ್ಲ.