ಸುರಪುರದ ಕೋವಿಯೂ ಸೀಸದ ಗುಂಡೂ

ಸುರಪುರ ಸಂಸ್ಥಾನದ ಚರಿತ್ರೆಯನ್ನು ಓದುವಾಗ ಬೇಡರ ಗುರಿಕಾರಿಕೆಯ ಪ್ರಶಂಸೆಯು ಪದೇ ಪದೇ ನಮ್ಮ ಕಣ್ಣಿಗೆ ಬೀಳುತ್ತದೆ. ಅವರನ್ನು ಎದುರಿಸಿ ಕಾದಿದ ಮೊಗಲರ ಕಡೆಯ ಬರೆಹಗಾರರೂ ಇದನ್ನು ಒಪ್ಪಿಕೊಂಡಿದ್ದಾರೆ. ಆದರೆ ಗುರಿಕಾರನ ಕಣ್ಣೂ ಕೈಯೂ ಎಷ್ಟೇ ಪಳಗಿದ್ದರೂ, ಕೋವಿಯ ನಳಿಗೆಗೆ ತಕ್ಕ ಗುಂಡು ದೊರೆಯದಿದ್ದಲ್ಲಿ ಆ ವಿದ್ಯೆಯೆಲ್ಲ ವ್ಯರ್ಥ. ಆ ಗುಂಡು ಹೇಗೆ ಒದಗುತ್ತಿತ್ತು, ಯಾವಾಗ ಒದಗದೆ ಹೋಯಿತು ಎಂಬುದನ್ನು ವಿಚಾರಿಸಿದರೆ ಈ ಸೀಮೆಯ ಚರಿತ್ರೆಯು ಇನ್ನೊಂದು ಬೆಳಕಿನಲ್ಲಿ ತೋರುವುದು.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕೃಷ್ಣಾ ಭೀಮಾ ನದಿಗಳ ಸೀಮೆಯ ಊರುಗಳು. ಮೂರಕ್ಕೂ ಕರಿಕಲ್ಲಿನ ಗುಡ್ಡಗಳೇ ಕಾವಲು. ಯಾದಗಿರಿಯ ಬೆಟ್ಟದ ಕೋಟೆಯಲ್ಲಿ ಹಳೆಯ ಫಿರಂಗಿಗಳನ್ನು ಈಗಲೂ ನೋಡಬಹುದು. ಅಂತಹ ದೊಡ್ಡ ಫಿರಂಗಿಗೆ ಕಲ್ಲನ್ನೇ ಉರುಟಾಗಿ ಕಡೆದು ಗುಂಡುಮಾಡುವುದು ದಖ್ಖನಿನಲ್ಲಿ ರೂಢಿಯಾಗಿತ್ತು. ಕೈಕೋವಿಗೆ ಆ ಉಪಾಯವು ಸಲ್ಲದು. ಸಣ್ಣ ಕಲ್ಲಿಗೆ ತೂಕ ಸಾಲದು. ಅದು ನಳಿಗೆಯ ಒಳಮೈಯನ್ನೂ ಕೆರೆಯುವುದು. ಸೀಸವಾದರೋ ನೀರಿಗಿಂತ ಹನ್ನೊಂದು ಪಾಲಿಗೂ ಮಿಗಿಲಾದ ಭಾರವುಳ್ಳದ್ದು, ಮೃದುವಾದದ್ದು, ಮನೆಯ ಸೌದೆಯ ಬೆಂಕಿಯಲ್ಲಿಯೇ ಕರಗತಕ್ಕದ್ದು. ಆದುದರಿಂದ ಕೋವಿಯುಳ್ಳವನಿಗೆ ಸೀಸವು ಬೇಕೇ ಬೇಕು.

ಈ ಲೋಹವು ಬಹುಮಟ್ಟಿಗೆ ದೂರದಿಂದಲೇ ಬರಬೇಕಾಗಿತ್ತು. ಮೇವಾಡದ ಜಾವರದಲ್ಲಿ ಪ್ರಾಚೀನವಾದ ಸೀಸದ ಗಣಿಗಳಿದ್ದುವು. ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ವರ್ತಕರು ಹಡಗುಗಳಲ್ಲಿಯೂ ಸೀಸವನ್ನು ತಂದು ನಮ್ಮ ರೇವುಗಳಲ್ಲಿ ಮಾರುತ್ತಿದ್ದರು. ಮದ್ದಿಗೆ ಬೇಕಾದ ಇದ್ದಲು ನಮ್ಮ ಕಾಡಿನದು. ಪೆಟ್ಟುಪ್ಪನ್ನು ಹಳೆಯ ಊರುಗಳ ಮಣ್ಣನ್ನು ಸೋಸಿ ತೆಗೆಯುತ್ತಿದ್ದರು. ಗಂಧಕವನ್ನು ಮಾತ್ರ ವ್ಯಾಪಾರಿಗಳಿಂದ ಕೊಳ್ಳಬೇಕಾಗಿತ್ತು.

ಗುಂಡನ್ನು ನಳಿಗೆಗೆ ಹೊಂದಿಸುವುದು ಇನ್ನೊಂದು ಕಷ್ಟ. ಬತ್ತಿಯ ಕೋವಿಗಳನ್ನು ಕಮ್ಮಾರರು ಒಂದೊಂದಾಗಿ ಕೈಯಿಂದ ಮಾಡುತ್ತಿದ್ದುದರಿಂದ ಒಂದರ ನಳಿಗೆಯು ಇನ್ನೊಂದರಂತೆ ಇರುತ್ತಿರಲಿಲ್ಲ. ಗುಂಡು ಸಡಿಲವಾದರೆ ಮದ್ದಿನ ಹೊಗೆಯು ಪಕ್ಕದಿಂದ ನುಸುಳಿ ಗುರಿಯು ತಪ್ಪುವುದು. ಬಿಗಿಯಾದರೆ ಗುಂಡು ನಡುವೆ ಸಿಕ್ಕಿಕೊಂಡು ನಳಿಗೆಯೇ ಸಿಡಿದೀತು. ಆದಕಾರಣ ಕೋವಿಯೊಡನೆ ಅದಕ್ಕೆ ತಕ್ಕ ಗುಂಡಿನ ಅಚ್ಚನ್ನೂ ಇಟ್ಟುಕೊಳ್ಳುವುದು ಸರ್ವತ್ರ ಪದ್ಧತಿಯಾಗಿತ್ತು. ಸಮನಾದ ಬಂದೂಕುಗಳುಳ್ಳ ಇಂಗ್ಲಿಷ್ ಸೈನ್ಯದಲ್ಲಿಯೂ 0.75 ಅಂಗುಲದ ನಳಿಗೆಗೆ ಸುಮಾರು 0.69 ಅಂಗುಲದ ಗುಂಡನ್ನು ಕೊಡುತ್ತಿದ್ದರು. ಬೇಗನೆ ತುಂಬುವುದಕ್ಕೆ ಇದರಿಂದ ಅನುಕೂಲವಾಯಿತು, ಗುರಿಗೆ ನಷ್ಟವಾಯಿತು. ಬಂಡೆಯ ಮರೆಯಲ್ಲಿ ನಿಧಾನವಾಗಿ ಗುರಿಹಿಡಿಯುವವನು ಇದಕ್ಕಿಂತ ಬಿಗಿಯಾದ ಗುಂಡನ್ನು ಬಳಸಬಲ್ಲನು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1705ನೆಯ ಇಸವಿಯ ವಾಗಣಗೇರಿಯ ಮುತ್ತಿಗೆಯನ್ನು ನೋಡೋಣ. ಸುರಪುರದ ಸಮೀಪದ ಈ ಕೋಟೆಯನ್ನು ಔರಂಗಜೇಬನು ಫೆಬ್ರವರಿಯಲ್ಲಿ ತಾನೇ ಬಂದು ಮುತ್ತಿದನು; ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಒಳಗಿದ್ದವನು ಬೇಡರ ಪಿಡ್ಡನಾಯಕ. ಚಕ್ರವರ್ತಿಯ ಸೈನ್ಯವನ್ನು ಬೇಡರ ಬಂದೂಕುಗಾರರು ಸುಮಾರು ಎರಡೂವರೆ ತಿಂಗಳು ತಡೆದರು. ಮರಾಠರ ದಂಡೂ ಅವರ ನೆರವಿಗೆ ಬಂದಿತು. ಏಪ್ರಿಲ್ ಕೊನೆಯಲ್ಲಿ ಮೊಗಲರು ಒಳಹೊಕ್ಕಾಗ, ಪಿಡ್ಡನಾಯಕನು ತನ್ನವರೊಡನೆ ರಾತ್ರಿಯೇ ಹೊರಟುಹೋಗಿದ್ದನು. ಕೋಟೆಯು ಕೈಸೇರಿದರೂ ಬೇಡರ ಬಲವು ಮುರಿಯಲಿಲ್ಲ. ಗುಂಡಿನ ಕಾರ್ಖಾನೆಯು ಒಂದೇ ಕಡೆ ಇರದೆ, ಅಚ್ಚೂ ಒಲೆಯೂ ಇದ್ದ ಮನೆಮನೆಯಲ್ಲಿಯೂ ಇದ್ದುದು ಇದಕ್ಕೆ ಒಂದು ಕಾರಣವೆಂದು ನಾವು ಊಹಿಸುವುದಕ್ಕೆ ಅಡ್ಡಿಯಿಲ್ಲ. ಆ ಮನೆತನವು ಸುರಪುರದಲ್ಲಿ 1858ರ ವರೆಗೆ ಆಳಿತು.

ಅಷ್ಟರಲ್ಲಿ ಗುಂಡಿನ ಸ್ವರೂಪವೇ ಬದಲಾಯಿಸಿತ್ತು. 1853ರ ಎನ್‌ಫೀಲ್ಡ್ ಬಂದೂಕಿನ ನಳಿಗೆಯು 0.577 ಅಂಗುಲ, ಒಳಗೆ ಸುರುಳಿಯಾದ ಗಾಡಿಗಳು. ನೀಳವಾದ ಅದರ ಗುಂಡು ಮದ್ದು ಹತ್ತಿದೊಡನೆ ಹಿಗ್ಗಿ ಗಾಡಿಗಳನ್ನು ಹಿಡಿಯುತ್ತಿತ್ತು. ಮೊದಲು 0.568 ಅಂಗುಲವಿದ್ದ ಈ ಗುಂಡನ್ನು, ಮದ್ದಿನ ಮಸಿ ಕಟ್ಟಿದ ನಳಿಗೆಗೆ ತುಂಬುವುದು ಕಷ್ಟವಾದುದರಿಂದ, 0.55ಕ್ಕೆ ಇಳಿಸಬೇಕಾಯಿತು. ಗುಂಡು ಸುಲಭವಾಗಿ ಇಳಿಯಲೆಂದು ಕಾಗದದ ತೋಟೆಗೆ ಹಚ್ಚಿದ ಕೊಬ್ಬೇ 1857ರಲ್ಲಿ ಎಂತಹ ಕಿಚ್ಚನ್ನು ಹೊತ್ತಿಸಿತೆಂಬುದು ಎಲ್ಲರಿಗೂ ತಿಳಿದಿದೆ.

ಅದೇ ವರ್ಷ ಸರ್ಕಾರವು ಆಯುಧಗಳನ್ನು ಕಟ್ಟಿಡುವ ಕಾನೂನನ್ನು ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನವೆಂಬರಿನಲ್ಲಿ ಎದುರುನಿಂತರು; ಅವರ ಊರು ಸುಟ್ಟುಹೋಯಿತು. 1858ರ ಫೆಬ್ರವರಿಯಲ್ಲಿ ಸುರಪುರದ ತರುಣ ರಾಜ ವೆಂಕಟಪ್ಪನಾಯಕನ ಕಡೆಯವರು ಇಂಗ್ಲಿಷರ ಪಾಳೆಯದ ಮೇಲೆ ಬಿದ್ದರು. ರಾಜನು ಸೆರೆಸಿಕ್ಕಿ, ಬಂಧನದಲ್ಲಿದ್ದಾಗಲೇ ಗುಂಡೇಟಿನಿಂದ ಮೃತನಾದನು. 1860ರಲ್ಲಿ ಸುರಪುರವು ನಿಜಾಮನ ವಶವಾಯಿತು.

ಮುಂದೆ ಹಿಂದಿನಿಂದ ತುಂಬುವ ಬಂದೂಕುಗಳೂ ಲೋಹದ ತೋಟೆಗಳೂ ಬಂದುವು. ಅಂತಹ ತೋಟೆಯನ್ನು ಮನೆಯ ಒಲೆಯ ಮುಂದೆ ಮಾಡಲಾಗದು. ಡಂಡಂ ಮೊದಲಾದ ಸರ್ಕಾರದ ಕಾರ್ಖಾನೆಗಳೇ ಗತಿ. ಬ್ರಿಟಿಷ್ ಇಂಡಿಯಾದ 1878ರ ಆಯುಧ ಶಾಸನವು ಕೋವಿಯನ್ನಷ್ಟೇ ಅಲ್ಲದೆ, ಬೇಕೆಂದಾಗ ಸೀಸ, ಗಂಧಕ, ಪೆಟ್ಟುಪ್ಪುಗಳನ್ನೂ ನಿರ್ಬಂಧಿಸಲು ಸರ್ಕಾರಕ್ಕೆ ಅಧಿಕಾರವನ್ನು ಕೊಟ್ಟಿತು. ಕೋವಿಯ ಬಲವು ಎಲ್ಲಿದೆಯೆಂಬುದನ್ನು ಆ ಶಾಸನವನ್ನು ಬರೆದವರು ಚೆನ್ನಾಗಿ ಅರಿತಿದ್ದರು.

ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಕೋವಿಗಳನ್ನು ಒಪ್ಪವಾಗಿ ಇಟ್ಟಿದ್ದಾರೆ. ಅವುಗಳಿಗೆ ಇಂದಿನ ಮದ್ದುಗುಂಡನ್ನು ತುಂಬುವುದು ಪ್ರಾಣಾಪಾಯದ ಕೆಲಸ. ಅವು ಇನ್ನು ನೋಡುವುದಕ್ಕೆ ಮಾತ್ರ. ಆದರೆ ಗುಂಡಿನ ಅಚ್ಚನ್ನು, ಸೀಸದ ಚೂರನ್ನು ಯಾರೂ ಅಷ್ಟಾಗಿ ಲಕ್ಷಿಸುವುದಿಲ್ಲ. ಹಳೆಯ ಮನೆಗಳ ಅಟ್ಟದಲ್ಲಿ ಅಂತಹ ಅಚ್ಚೊಂದು ಸಿಕ್ಕಿದರೆ ಗುಜರಿಗೆ ಹಾಕದೆ ಕಾಪಾಡಬೇಕೆಂದು ನಾವು ಕೋರುತ್ತೇವೆ. ತನ್ನ ಕೋವಿಗೆ ತಾನೇ ಗುಂಡು ಎರೆದುಕೊಳ್ಳುತ್ತಿದ್ದ ಕಾಲದ ಸಾಕ್ಷಿಯು ಅದರಲ್ಲಿದೆ.